ಬಿಳಿ ಕಾಯಿಯ ಹತ್ತು ನಡೆಗಳು

ನನಗೆ ಚದುರಂಗ ಬರುತ್ತದೆ ಎಂಬ ವಿಷಯದಲ್ಲಿ ಅಂಕೋಲೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಊರಿನಲ್ಲಿ ನನ್ನ ಜೊತೆ ಆಡುತ್ತಿದ್ದವರು ನಾಲ್ಕೇ ಜನ. ಅವರಲ್ಲಿ ಇಬ್ಬರಿಗೆ ಕುದುರೆ ಹೇಗೆ ನಡೆಯುತ್ತದೆ ಎಂಬುದನ್ನು ಪ್ರತಿ ಭಾನುವಾರ ಹೊಸದಾಗಿ ಹೇಳಿಕೊಡಬೇಕಾಗಿತ್ತು. ಮೂರನೆಯವರು ನಾನು ಹಿಂದಿ ಕಲಿಸುತ್ತಿದ್ದ ಶಾಲೆಯ ಹೆಡ್ಮಾಸ್ತರರು. ಮೊಬೈಲು ಇನ್ನೂ ಕೆಲವೇ ಜೇಬುಗಳಿಗೆ ಬಂದಿದ್ದ ಕಾಲ ಅದು. ಅವರ ಜೇಬಿಗೆ ಬಂದಿತ್ತು. ಸೋಲುವ ಹೊತ್ತಿಗೆ ಸರಿಯಾಗಿ ಅದು ರಿಂಗಾಗಿ, ಅವರು ಎದ್ದು ಹೋಗುತ್ತಿದ್ದರು. ನಾಲ್ಕನೆಯವಳು ನನ್ನ ಹೆಂಡತಿ ಸುಲೋಚನಾ. ಅವಳು ಗೆಲ್ಲುವ ಲಕ್ಷಣ ಕಂಡಾಗಲೆಲ್ಲ ಊಟಕ್ಕೆ ಹೊತ್ತಾಯಿತೆಂದು ನಾನೇ ಬೋರ್ಡು ಮಡಚುತ್ತಿದ್ದೆ.

ಹೀಗೆ ನಾನು ಅಜೇಯನಾಗಿದ್ದೆ.

ಕಾರವಾರದ ಒಂದು ಕ್ಲಬ್ಬಿನವರು ಜಿಲ್ಲೆಯ ಆಟಗಾರರಿಗಾಗಿ ಚೆಸ್ ಪಂದ್ಯಾಟ ಇಟ್ಟಿದ್ದಾರೆಂಬ ಸುದ್ದಿ ಬಂದಾಗ, ನಾನು ಹೆಸರು ಕೊಡಬೇಕೋ ಬೇಡವೋ ಎಂದು ಯೋಚಿಸುವ ಪ್ರಶ್ನೆಯೇ ಬರಲಿಲ್ಲ. ಹೆಡ್ಮಾಸ್ತರರು ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ, ನಮ್ಮ ಹಿಂದಿ ಮಾಸ್ತರರು ಕಾರವಾರದಿಂದ ಗೆಲುವಿನ ಕಪ್ ತರುತ್ತಾರೆ ಎಂದು ಘೋಷಿಸಿಬಿಟ್ಟರು. ತಮ್ಮ ಕೋಣೆಯ ಕಪಾಟಿನಲ್ಲಿದ್ದ ಭೂಗೋಳವನ್ನು ಪಕ್ಕಕ್ಕೆ ಸರಿಸಿ, ಕಪ್‌ಗೆ ಜಾಗವನ್ನೂ ಮಾಡಿಸಿದರು. ಅದನ್ನು ನೋಡಿದಾಗ ಮಾತ್ರ, ಇಷ್ಟು ದಿನ ಆಡಿದ್ದಾಯಿತು, ಇನ್ನು ಸ್ವಲ್ಪ ಓದಬೇಕು ಅನ್ನಿಸಿತು.

ಹೆಸರು ನೋಂದಾಯಿಸಲು ಕಾರವಾರಕ್ಕೆ ಹೋದ ದಿನವೇ, ಬಸ್‌ಸ್ಟ್ಯಾಂಡಿನ ಹತ್ತಿರದ ರದ್ದಿ ಅಂಗಡಿಯಲ್ಲಿ ನನಗೆ ಆ ಪುಸ್ತಕ ಸಿಕ್ಕಿತು. ದಪ್ಪ ರಟ್ಟಿನ ಹಳೆಯ ಪುಸ್ತಕ. ಒಳಗೆಲ್ಲ ಚದುರಂಗದ ಮಣೆಯ ಚಿತ್ರಗಳು. ಬರಹ ಮಾತ್ರ ರಷ್ಯನ್ ಭಾಷೆಯದು. ಅದು ಕಾರವಾರಕ್ಕೆ ಹೇಗೆ ಬಂತೋ ದೇವರೇ ಬಲ್ಲ; ಯಾರೋ ನೌಕಾಪಡೆಯವರ ಟ್ರಂಕಿನಿಂದ ಜಾರಿರಬಹುದು ಎಂದ ಅಂಗಡಿಯವ. ಒಂದಕ್ಷರ ಓದಲು ಬಾರದ ಪುಸ್ತಕವನ್ನು ನಾನು ಎದೆಗವಚಿಕೊಂಡು ತಂದೆ. ರಷ್ಯದವರು ಚದುರಂಗದಲ್ಲಿ ಪ್ರಚಂಡರು ಎಂಬುದನ್ನು ಕೇಳಿದ್ದೆನಲ್ಲ! ಓದಲು ಬಾರದಿದ್ದುದರಿಂದ ಪುಸ್ತಕದ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ನಡೆಗಳನ್ನು ಬಿಡಿಸಿ ಓದುವುದು ಕಷ್ಟವಾಗಲಿಲ್ಲ. ಮಣೆಯ ಮನೆಗಳಿಗೆ ಎಲ್ಲ ದೇಶದಲ್ಲೂ ಅವೇ ಅಕ್ಷರ, ಅವೇ ಅಂಕಿ. ಯಾವ ಕಾಯಿಗೆ ಯಾವ ರಷ್ಯನ್ ಅಕ್ಷರ ಎಂಬುದನ್ನು ಚಿತ್ರ ನೋಡಿ ನೋಡಿ ಎರಡು ದಿನದಲ್ಲಿ ಕಂಡುಹಿಡಿದೆ. ಆಗ ನನಗಾದ ಸಂತೋಷ ಶಿಲಾಶಾಸನ ಓದಿದವರಿಗೆ ಮಾತ್ರ ಅರ್ಥವಾದೀತು.

ಪುಸ್ತಕದಲ್ಲಿ ನೂರಾರು ಆಟಗಳಿದ್ದವು. ಎಲ್ಲವನ್ನೂ ಕಲಿಯಲು ಪುರುಸೊತ್ತಿಲ್ಲ. ಒಂದನ್ನೇ ಗಟ್ಟಿಯಾಗಿ ಕಲಿತರೆ ಸಾಕು ಎಂದು ತೀರ್ಮಾನಿಸಿ, ಒಂದು ಆಟವನ್ನು ಆರಿಸಿದೆ. ಅದರ ಮೇಲೆ ಬೋಳುತಲೆಯ, ಕನ್ನಡಕದ ಗಂಭೀರ ಮನುಷ್ಯನೊಬ್ಬನ ಫೋಟೋ ಇತ್ತು. ಗೆದ್ದವನದೇ ಫೋಟೋ ಹಾಕುತ್ತಾರೆ, ಬಿಳಿ ಕಾಯಿ ಅವನದೇ ಇರಬೇಕು ಎಂದು ನಾನೇ ನಿರ್ಧರಿಸಿದೆ. ಶಾಲೆಯ ಲೈಬ್ರರಿಯಲ್ಲಿದ್ದ ಒಂದು ಸಣ್ಣ ಇಂಗ್ಲಿಷ್ ಪುಸ್ತಕದಿಂದ ಈ ಆರಂಭಕ್ಕೆ ಕಿಂಗ್ಸ್ ಗ್ಯಾಂಬಿಟ್ ಎಂಬ ಹೆಸರಿದೆ ಎಂದೂ ತಿಳಿಯಿತು. ಅಂದರೆ, ಶುರುವಿನಲ್ಲೇ ಒಂದು ಕಾಲಾಳನ್ನು ಬೇಕೆಂದೇ ಎದುರಾಳಿಗೆ ಕೊಟ್ಟುಬಿಡುವುದು. ಅವನು ಅದನ್ನು ತಿನ್ನುತ್ತ ಕೂತಿರುವಾಗ ನಾವು ನಮ್ಮ ದಂಡನ್ನು ಬೇಗ ಬೇಗ ಹೊರಗೆ ತಂದು ಮೇಲೆ ಬೀಳುವುದು.

ಆದರೆ ನಮ್ಮ ಬೋಳುತಲೆಯವನು ಒಂದು ಕಾಲಾಳಿಗೆ ತೃಪ್ತನಾಗುವ ಮನುಷ್ಯನಾಗಿರಲಿಲ್ಲ. ಐದನೆಯ ನಡೆಯಲ್ಲಿ ಕುದುರೆಯನ್ನೇ ಬಿಟ್ಟುಕೊಟ್ಟ. ಏಳನೆಯದರಲ್ಲಿ ಇನ್ನೊಂದು ಕಾಲಾಳು. ಎಂಟರಲ್ಲಿ ಒಂಟೆ. ಒಂಬತ್ತರಲ್ಲಿ ಮತ್ತೊಂದು ಕಾಲಾಳು. ಹತ್ತನೆಯ ನಡೆಗೆ ಪುಟ ಮುಗಿಯುತ್ತಿತ್ತು. ಮುಂದಿನ ಹಾಳೆ ಇರಲಿಲ್ಲ; ಯಾರೋ ಹರಿದುಕೊಂಡಿದ್ದರು. ಇಷ್ಟು ಔದಾರ್ಯ ತೋರಿಸಿದವನು ಮುಂದಿನ ಪುಟದಲ್ಲಿ ಗೆಲ್ಲದೇ ಇರುತ್ತಾನೆಯೇ?

ಅಭ್ಯಾಸ ನಡೆಯುತ್ತಿದ್ದುದು ಅಡುಗೆಮನೆಯ ಬಾಗಿಲಲ್ಲಿ. ಸುಲೋಚನಾ ಪುಸ್ತಕವನ್ನು ಹೊಸ್ತಿಲ ಮೇಲೆ ತೆರೆದಿಟ್ಟುಕೊಂಡು, ತೆಂಗಿನಕಾಯಿ ತುರಿಯುತ್ತ, ಕಪ್ಪು ಕಾಯಿಯ ನಡೆಗಳನ್ನು ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ ಬಿಳಿಯ ನಡೆಗಳನ್ನು ಒಪ್ಪಿಸುತ್ತಿದ್ದೆ. ಬಾಲ್ಯದಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಮೂರನೆಯ ದಿನ ಅವಳು ತುರಿಯುವುದನ್ನು ನಿಲ್ಲಿಸಿ, ಮಣೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಒಂದು ಕುದುರೆ, ಒಂದು ಒಂಟೆ, ಮೂರು ಕಾಲಾಳು ಕೊಟ್ರಿ. ತಗಂಡದ್ದೆಂತದು?"

"ಎರಡು ಕಾಲಾಳು," ಎಂದೆ.

ಅವಳು ಮತ್ತೆ ತುರಿಯತೊಡಗಿದಳು. ಆದರೆ ಅವಳ ಕಣ್ಣು ಪುಸ್ತಕದ ಮೇಲೇ ಇತ್ತು. ನಮ್ಮ ನಡೆಗಳ ಮುಂದೆಲ್ಲ ಪ್ರಶ್ನೆ ಚಿಹ್ನೆ ಇದೆಯಲ್ಲ, ಒಂಬತ್ತನೆಯದಕ್ಕಂತೂ ಎರಡಿವೆ, ಅದು ಎಂತಕ್ಕೆ ಎಂದು ಕೇಳಿದಳು. ನಾನು ಭಾಷೆ ಕಲಿಸುವ ಮಾಸ್ತರ. ವಿರಾಮ ಚಿಹ್ನೆಗಳ ವಿಷಯದಲ್ಲಿ ನನಗೆ ಪಾಠ ಬೇಕೇ? ಬಿಳಿಯವನ ನಡೆ ಎಷ್ಟು ಆಳವಾದದ್ದೆಂದರೆ ಜಗತ್ತೇ ಪ್ರಶ್ನೆ ಕೇಳುತ್ತದೆ, ಅದಕ್ಕೇ ಪ್ರಶ್ನೆ ಚಿಹ್ನೆ ಎಂದು ವಿವರಿಸಿದೆ. ಒಂಬತ್ತನೆಯ ನಡೆ ಎರಡು ಪಟ್ಟು ಆಳ. ಕಪ್ಪಿನವನ ಹತ್ತನೆಯ ನಡೆಯ ಮುಂದೆ ಆಶ್ಚರ್ಯ ಚಿಹ್ನೆ ಇತ್ತು. ಅದು ಅವನು ಗಾಬರಿಯಿಂದ ಕೂಗಿಕೊಂಡದ್ದು.

"ಅಡ್ಡಿಲ್ಲ," ಎಂದಳು ಸುಲೋಚನಾ. ನಮ್ಮ ಕಡೆ ಈ ಶಬ್ದಕ್ಕೆ ಹತ್ತು ಅರ್ಥಗಳಿವೆ. ಅವಳು ಯಾವುದನ್ನು ಬಳಸಿದಳೆಂದು ನಾನು ಕೇಳಲಿಲ್ಲ.

ಪಂದ್ಯಾಟದ ಭಾನುವಾರ ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟೆವು. ಬಿಣಗಾ ಘಟ್ಟ ದಾಟಿ ಸಮುದ್ರ ಕಾಣುವವರೆಗೆ ನಾನು ಹತ್ತು ನಡೆಗಳನ್ನು ಹನ್ನೆರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಕಡಲ ದಂಡೆಯ ಹತ್ತಿರದ ಕ್ಲಬ್ಬಿನ ಹಾಲ್‌ನಲ್ಲಿ ಉದ್ದಕ್ಕೆ ಮೇಜುಗಳನ್ನು ಜೋಡಿಸಿದ್ದರು. ಮೊದಲ ಸುತ್ತಿನಲ್ಲಿ ನನ್ನ ಎದುರಾಳಿ ರಾಮನಗುಳಿಯವರು. ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವರು ಬರಲೇ ಇಲ್ಲ. ಅರ್ಧ ತಾಸು ಖಾಲಿ ಕುರ್ಚಿಯನ್ನು ದಿಟ್ಟಿಸಿ ನೋಡಿ ನಾನು ಗೆದ್ದೆ. ಸುಲೋಚನಾ ಅವಲಕ್ಕಿ ಡಬ್ಬಿ ಬಿಚ್ಚಿದಳು. ನಾನು ವಿಜಯಿಯ ಗಾಂಭೀರ್ಯದಿಂದ ತಿಂದೆ.

ಎರಡನೆಯ ಸುತ್ತಿನಲ್ಲಿ ನನ್ನ ಮುಂದೆ ಬಂದು ಕೂತವರು ಬೇಲೆಕೇರಿಯ ಪಾಂಡುರಂಗ ತಾಂಡೇಲರು. ಅರವತ್ತರ ಹತ್ತಿರದ ಮನುಷ್ಯ. ಮೂವತ್ತು ವರ್ಷ ದೋಣಿ ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ಬಲೆ ರಿಪೇರಿಗೆ ಕೂತವರು. ಮಳೆಗಾಲದಲ್ಲಿ ದೋಣಿಗಳೆಲ್ಲ ದಡದಲ್ಲಿದ್ದಾಗ ಗೋವೆಯ ಒಬ್ಬ ಮೆಕ್ಯಾನಿಕ್ಕನಿಂದ ಆಟ ಕಲಿತರಂತೆ. ಅವರ ಬೆರಳುಗಳು ಹಗ್ಗ ಎಳೆದೆಳೆದು ಎಷ್ಟು ದಪ್ಪವಾಗಿದ್ದವೆಂದರೆ, ಒಂದು ಕಾಲಾಳನ್ನು ಹಿಡಿದರೆ ಅದು ಪೂರ್ತಿ ಮರೆಯಾಗುತ್ತಿತ್ತು. ಶಾಲೆಗೆ ಎರಡನೇ ಇಯತ್ತೆಯವರೆಗೆ ಮಾತ್ರ ಹೋಗಿದ್ದೆ ಎಂದು ಅವರೇ ಹೇಳಿದರು. ನನಗೆ ಪಾಪ ಅನ್ನಿಸಿತು. ರಷ್ಯದ ವಿದ್ಯೆಯನ್ನು ಇವರ ಮೇಲೆ ಪ್ರಯೋಗಿಸಬೇಕಲ್ಲ ಎಂದು.

ಅಷ್ಟರಲ್ಲಿ ಮೊದಲ ಆಪತ್ತು ಬಂತು. ಚೀಟಿ ಎತ್ತಿದಾಗ ನನಗೆ ಕಪ್ಪು ಕಾಯಿ ಬಂತು!

ನನಗೆ ಬರುತ್ತಿದ್ದುದು ಬಿಳಿಯ ಹತ್ತು ನಡೆಗಳು ಮಾತ್ರ. ಕಪ್ಪು ಕಾಯಿಯ ಪಾಠವೆಲ್ಲ ಸುಲೋಚನಾಳದು, ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನಾನು ತಾಂಡೇಲರ ಕಡೆ ಬಗ್ಗಿ, ಕಣ್ಣಿನ ದೋಷವೆಂದೂ, ಕಪ್ಪು ಕಾಯಿಗಳು ನನಗೆ ಸರಿಯಾಗಿ ಕಾಣುವುದಿಲ್ಲವೆಂದೂ ಸುಳ್ಳು ಹೇಳಿದೆ. ಕಾಯಿ ಕಾಣದಿದ್ದರೆ ಅದು ಎದುರಾಳಿಯ ಕೈಯಲ್ಲಿದ್ದರೂ ಕಾಣುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆದಿರಬೇಕು. ಆದರೂ ಮಣೆಯನ್ನು ತಾವೇ ತಿರುಗಿಸಿದರು. ಆಟದ ತೀರ್ಪು ಹೇಳುವ ಪಂಚರಾಗಿದ್ದ ನಾಡಕರ್ಣಿಯವರು, ಬ್ಯಾಂಕಿನಿಂದ ನಿವೃತ್ತರಾದ ಶಿಸ್ತಿನ ಮನುಷ್ಯ, ಹಾಗೆ ಮಾಡುವಂತಿಲ್ಲ ಎಂದು ಬಂದರು. ತಾಂಡೇಲರು ಅವರನ್ನೂ ಸಮಾಧಾನ ಮಾಡಿದರು.

"ಇರ್ಲಿ ಬಿಡಿ ರಾಯರೆ. ಮಾಸ್ತರ್ರು ದೂರದಿಂದ ಬಂದಾರೆ. ನಂಗೆ ಎರಡೂ ಒಂದೇ."

ಆಟ ಶುರುವಾಯಿತು. ರಾಜನ ಮುಂದಿನ ಕಾಲಾಳು ಎರಡು ಮನೆ. ಅವರೂ ಹಾಗೇ ನಡೆಸಿದರು. ಎರಡನೆಯ ನಡೆಯಲ್ಲಿ ಗ್ಯಾಂಬಿಟ್ಟಿನ ಕಾಲಾಳನ್ನು ಮುಂದಿಟ್ಟೆ. ಅವರು ತೆಗೆದುಕೊಂಡರು. ಪುಸ್ತಕದಲ್ಲಿ ಇದ್ದ ಹಾಗೆಯೇ! ಕುದುರೆ ಹೊರಬಂತು, ಒಂಟೆ ಹೊರಬಂತು. ಅವರ ಇನ್ನೊಂದು ಕಾಲಾಳು ಮುಂದೆ ಮುಂದೆ ಬಂದು ನನ್ನ ಕುದುರೆಯ ಮೇಲೆ ಏರಿ ನಿಂತಿತು. ಎಲ್ಲ ರಷ್ಯದಲ್ಲಿ ನಡೆದಂತೆಯೇ. ನಾನು ಕುದುರೆಯನ್ನು ಮುಟ್ಟದೆ, ರಾಜನನ್ನು ಆನೆಯ ಮರೆಗೆ ಸೇರಿಸಿ, ಗಡಿಯಾರದ ಗುಂಡಿಯನ್ನು ಜೋರಾಗಿ ಒತ್ತಿ, ಕೈಕಟ್ಟಿ ಕೂತೆ.

ತಾಂಡೇಲರು ಮಣೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, ಪಂಚರಿಗೆ ಕೇಳಿಸದ ಹಾಗೆ ಹೇಳಿದರು:

"ಮಾಸ್ತರ್ರೆ, ಕುದುರೆ ಹೋಗ್ತದೆ. ನೋಡಿದ್ರಾ?"

ನಾನು ಮುಗುಳ್ನಕ್ಕೆ. ಆ ನಗೆಯನ್ನು ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ನಿಧಾನವಾಗಿ ಯೋಚನೆ ಮಾಡಿ, ಅವಸರವಿಲ್ಲ ಎಂದು ಅವರಿಗೆ ಧೈರ್ಯ ಹೇಳಿದೆ. ಅವರು ನಿಟ್ಟುಸಿರು ಬಿಟ್ಟು ಕುದುರೆಯನ್ನು ತೆಗೆದುಕೊಂಡರು.

ಆಮೇಲೆ ಕಾಲಾಳು. ಆಮೇಲೆ ಒಂಟೆ, ಅದನ್ನು ರಾಜನೇ ಬಂದು ತಿಂದ. ಪ್ರತಿ ಸಲವೂ ಅವರು ಒಂದು ಕ್ಷಣ ಕೈ ಮೇಲೆತ್ತಿ, ನನಗೆ ವಾಪಸ್ ತೆಗೆದುಕೊಳ್ಳಲು ಅವಕಾಶ ಕೊಟ್ಟು, ನಂತರ ಸಂಕೋಚದಿಂದ ತಿನ್ನುತ್ತಿದ್ದರು. ಮದುವೆ ಮನೆಯಲ್ಲಿ ಬೇಡವೆಂದರೂ ಬಡಿಸಿಕೊಳ್ಳುವವರ ಹಾಗೆ. ನನ್ನ ಆತ್ಮವಿಶ್ವಾಸ ಎಷ್ಟಿತ್ತೆಂದರೆ, ಎಂಟು ಮತ್ತು ಒಂಬತ್ತನೆಯ ನಡೆಗಳ ನಡುವೆ ನಾನು ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದೆ. ನಮ್ಮ ಮೇಜಿನ ಸುತ್ತ ಜನ ಸೇರಿದ್ದರು. ನನ್ನ ಆಟಕ್ಕೆ ಸೇರಿದ ಜನ ಎಂದುಕೊಂಡೆ. ಅದು ನಿಜವೂ ಆಗಿತ್ತು.

ಹತ್ತನೆಯ ನಡೆ ಬಂತು. ನಾನು ಉಳಿದ ಒಂಟೆಯನ್ನು ಅಡ್ಡ ಇಟ್ಟೆ. ತಾಂಡೇಲರು ಬಹಳ ಹೊತ್ತು ಯೋಚಿಸಿ, ರಾಣಿಯನ್ನು ಹಿಂದಕ್ಕೆ ಕರೆದು ರಾಜನ ಪಕ್ಕಕ್ಕೆ ನಿಲ್ಲಿಸಿದರು. ಆಶ್ಚರ್ಯ ಚಿಹ್ನೆಯ ನಡೆ! ಅದೇ, ಚಾಚೂ ತಪ್ಪದೆ ಅದೇ. ನಾನು ಹಿಂದಕ್ಕೆ ತಿರುಗಿ ಸುಲೋಚನಾಳ ಕಡೆ ನೋಡಿದೆ. ಅವಳು ನಗಲಿಲ್ಲ.

ಹನ್ನೊಂದನೆಯ ನಡೆ ನನ್ನದಾಗಿತ್ತು.

ಹರಿದ ಹಾಳೆ ಎಂದರೆ ಏನೆಂದು ಆಗ ಗೊತ್ತಾಯಿತು. ಅಷ್ಟು ಹೊತ್ತು ನನ್ನ ಜೊತೆಗಿದ್ದ ಬೋಳುತಲೆಯವನು ಹೇಳದೆ ಕೇಳದೆ ಎದ್ದು ಹೋಗಿದ್ದ. ಮೊದಲ ಬಾರಿಗೆ ನಾನು ಮಣೆಯನ್ನು ನಿಜವಾಗಿ ನೋಡಿದೆ. ನನ್ನ ಕಡೆ ಸಂತೆ ಮುಗಿದ ಮೈದಾನದ ಹಾಗೆ ಬಯಲು. ಅವರ ಕಡೆ ಜನ ತುಂಬಿದ್ದರು. ಇಪ್ಪತ್ತು ನಿಮಿಷ ಯೋಚಿಸಿದೆ. ಯೋಚಿಸಿದೆ ಎಂದರೆ, ಮುಂದಿನ ಪುಟದಲ್ಲಿ ಏನಿದ್ದಿರಬಹುದು ಎಂದು ಊಹಿಸುತ್ತ ಬೆವರಿದೆ. ಮುಂದೆ ಆಡಿದ ನಡೆಗಳೆಲ್ಲ ಸ್ವಂತದವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತೆರಡನೆಯದಕ್ಕೆ ತಾಂಡೇಲರು "ಆಯ್ತು ಕಾಣ್ತದೆ" ಎಂದರು. ಚೆಕ್‌ಮೇಟ್ ಎಂಬ ಶಬ್ದವನ್ನು ಅವರು ಬಳಸಲಿಲ್ಲ. ಅದು ಅವರ ದೊಡ್ಡ ಗುಣ.

ಆಟ ಮುಗಿದ ಮೇಲೆ, ಕುದುರೆ ಯಾಕೆ ಕೊಟ್ಟಿರಿ ಎಂದು ಅವರು ಕೇಳಿದರು. ಕುಚೋದ್ಯದಿಂದಲ್ಲ, ನಿಜಕ್ಕೂ ತಿಳಿಯುವ ಆಸೆಯಿಂದ. ನಾನು ಚೀಲದಿಂದ ಪುಸ್ತಕ ತೆಗೆದು ತೋರಿಸಿದೆ. ನಾಡಕರ್ಣಿಯವರು ಅದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ನಡೆಗಳನ್ನು ನೋಡಿದರು. ಅವರ ತುಟಿಯ ಮೂಲೆ ಅದುರತೊಡಗಿತು.

"ಮಾಸ್ತರ್ರೆ, ನಡೆ ಎದುರಿಗೆ ಪ್ರಶ್ನೆ ಚಿಹ್ನೆ ಹಾಕಿದ್ರೆ ಅದು ತಪ್ಪು ನಡೆ ಅಂತ. ಎರಡು ಹಾಕಿದ್ರೆ ಭಾರೀ ತಪ್ಪು ಅಂತ."

ಪುಸ್ತಕದ ಕೊನೆಯಲ್ಲಿದ್ದ ಪಟ್ಟಿಯಲ್ಲಿ ಅವರು ಆಟದ ಫಲಿತಾಂಶವನ್ನೂ ಹುಡುಕಿ ತೋರಿಸಿದರು. ಬಿಳಿಗೆ ಸೊನ್ನೆ, ಕಪ್ಪಿಗೆ ಒಂದು. ಮೂರು ವಾರ ಕಷ್ಟಪಟ್ಟು ನಾನು ಸೋತವನ ಆಟವನ್ನು ಬಾಯಿಪಾಠ ಮಾಡಿದ್ದೆ! ಪಟ್ಟಿಯಲ್ಲಿ ಕಪ್ಪಿನ ಕಡೆಗಿದ್ದ ಹೆಸರಿನ ಅಕ್ಷರಗಳೇ ಫೋಟೋದ ಕೆಳಗೂ ಇದ್ದವು; ಬೋಳುತಲೆಯವನು ಕಪ್ಪು ಕಾಯಿಯವನು.

ಬಸ್ಸಿನಲ್ಲಿ ಸುಲೋಚನಾ ನಾನು ಹೆದರಿದ್ದ ಪ್ರಶ್ನೆ ಚಿಹ್ನೆಯ ಮಾತನ್ನು ಎತ್ತಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, ಆ ತಾಂಡೇಲರು ಒಳ್ಳೆಯ ಮನುಷ್ಯ ಎಂದಷ್ಟೇ ಅಂದಳು. ಸೋಮವಾರ ಪ್ರಾರ್ಥನೆಯಲ್ಲಿ ಹೆಡ್ಮಾಸ್ತರರು, ನಮ್ಮ ಮಾಸ್ತರರು ಎರಡನೆಯ ಸುತ್ತಿನವರೆಗೆ ಕಾದಾಡಿದ್ದಾರೆ ಎಂದು ಸಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಭೂಗೋಳ ತನ್ನ ಮೊದಲಿನ ಜಾಗಕ್ಕೆ ಮರಳಿತ್ತು.

ಹೊರಡುವಾಗ ತಾಂಡೇಲರು ಬೇಲೆಕೇರಿಗೆ ಬನ್ನಿ ಎಂದು ಕರೆದಿದ್ದರು. ಸೇಡು ತೀರಿಸಿಕೊಳ್ಳಬೇಕೆಂದು ಮುಂದಿನ ಭಾನುವಾರವೇ ಹೋದೆ. ಸೋತೆ. ಅದರ ಮುಂದಿನ ಭಾನುವಾರವೂ ಹೋದೆ. ಹೀಗೆ ಶುರುವಾದದ್ದು ಐದು ವರ್ಷ ನಡೆಯಿತು.

ಬಂದರಿನ ಹತ್ತಿರ ಬಲೆ ಹೊಲಿಯುವ ಚಪ್ಪರದಲ್ಲಿ ನಮ್ಮ ಆಟ. ಅವು ಅದಿರಿನ ಲಾರಿಗಳ ವರ್ಷಗಳು. ಲಾರಿಗಳು ಸಾಲಾಗಿ ಬಂದರಿಗೆ ಹೋಗುತ್ತಿದ್ದವು, ಕೆಂಪು ಧೂಳು ಎದ್ದು ಮರ, ಮನೆ, ಒಣಹಾಕಿದ ಬಂಗಡೆ ಮೀನು ಎಲ್ಲದರ ಮೇಲೂ ಕೂರುತ್ತಿತ್ತು. ಅರ್ಧ ಆಟ ಮುಗಿಯುವಷ್ಟರಲ್ಲಿ ಬಿಳಿ ಕಾಯಿ ಯಾವುದು, ಕಪ್ಪು ಕಾಯಿ ಯಾವುದು ಎಂದು ತಿಳಿಯುತ್ತಿರಲಿಲ್ಲ; ಎಲ್ಲವೂ ಕೆಂಪು. ಒಮ್ಮೆ ನಾನು ಹುರುಪಿನಿಂದ ನನ್ನದೇ ಆನೆಯನ್ನು ತಿಂದೆ. ತಾಂಡೇಲರು ಅದನ್ನು ತಮ್ಮ ಪಂಚೆಯ ತುದಿಯಿಂದ ಒರೆಸಿ, ಬಿಳಿ ಬಣ್ಣ ತೋರಿಸಿ, ವಾಪಸ್ ಅದೇ ಮನೆಯಲ್ಲಿಟ್ಟರು. ನನ್ನ ಕಣ್ಣಿನ ದೋಷವನ್ನು ಅವರು ಮರೆತಿರಲಿಲ್ಲ. ಐದು ವರ್ಷವೂ ಪ್ರತಿ ಆಟದಲ್ಲೂ ನನಗೆ ಬಿಳಿಯನ್ನೇ ಕೊಟ್ಟರು. ಅದು ಸುಳ್ಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ಪುಸ್ತಕ ನೋಡಿ ನಡೆ ಓದುತ್ತೇನೆ ಎಂಬುದು ಅವರಿಗೆ ದೊಡ್ಡ ಸೋಜಿಗವಾಗಿತ್ತು. ಒಂದು ದಿನ ಬಲೆ ಹೊಲಿಯುವ ಸೂಜಿಗೆ ದಾರ ಸುತ್ತುತ್ತ, ತಲೆ ಎತ್ತದೆ ಕೇಳಿದರು:

"ಇಷ್ಟು ವರ್ಷ ಆಡಿದ್ದೆಲ್ಲ ಹೋಯ್ತು ಮಾಸ್ತರ್ರೆ. ಒಂದೂ ಉಳೀಲಿಲ್ಲ. ನೀವು ಬರೆದಿಟ್ರೆ ಉಳೀತದಲ್ಲ?"

ಅಂದಿನಿಂದ ಶಾಲೆಯ ಎರಡು ನೂರು ಪುಟದ ನೋಟುಬುಕ್ಕಿನಲ್ಲಿ ನಮ್ಮ ಆಟಗಳನ್ನು ಬರೆಯತೊಡಗಿದೆ. ಒಂದು ತುಂಬಿತು, ಎರಡು ತುಂಬಿತು. ಮೀನಿಲ್ಲದ, ಕೆಲಸವಿಲ್ಲದ ಮಳೆಗಾಲದ ಭಾನುವಾರಗಳಲ್ಲಿ ಅವರು ಹೊಸ ಆಟ ಬೇಡವೆಂದು, ಹಳೆಯದನ್ನು ಓದಿಸುತ್ತಿದ್ದರು. ನಾನು ಓದುತ್ತಿದ್ದೆ, ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. ತಮ್ಮ ಒಂದು ಒಳ್ಳೆಯ ನಡೆ ಬಂದಾಗ ಬೆರಳೆತ್ತಿ, ಅದನ್ನು ಇನ್ನೊಮ್ಮೆ ಓದಿ ಎನ್ನುತ್ತಿದ್ದರು. ನನ್ನ ನಡೆಗಳನ್ನು ಎರಡನೆಯ ಸಲ ಓದಿಸಿದ್ದು ನೆನಪಿಲ್ಲ. ಹೊರಡುವಾಗ ಅವರ ಹೆಂಡತಿ ಕಾಗದದಲ್ಲಿ ಸುತ್ತಿದ ನಾಲ್ಕು ಬಂಗಡೆಯನ್ನು ಚೀಲಕ್ಕೆ ಹಾಕುತ್ತಿದ್ದರು. ಸೋತು ಬಂದರೂ ಬರಿಗೈಯಲ್ಲಿ ಬರುವುದಿಲ್ಲ ಎಂದು ಸುಲೋಚನಾ ನನ್ನ ಚದುರಂಗವನ್ನು ಮೊದಲ ಬಾರಿಗೆ ಹೊಗಳಿದಳು.

ಕೊನೆಗೆ ಮೊಣಕಾಲು ಪೂರ್ತಿ ಸೋತು, ಅವರು ಮಂಜಗುಣಿಯ ಮಗಳ ಮನೆಗೆ ಹೋದರು. ಆಗಲೂ ಎರಡು ಮೂರು ಸಲ ಹೊಳೆ ದಾಟಿ ಹೋಗಿದ್ದೆ. ಆಡಲು ಕಣ್ಣು ಸಾಲದು ಎಂದರು; ಓದಿಸಿಕೊಂಡರು. ಅವರು ತೀರಿಕೊಂಡ ಸುದ್ದಿ ಒಂದು ಭಾನುವಾರವೇ ಬಂತು. ಆ ದಿನ ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮನೆಯ ಮೆಟ್ಟಿಲ ಮೇಲೆ ನೋಟುಬುಕ್ಕು ಹಿಡಿದು ಕೂತಿದ್ದೆ. ಸುಲೋಚನಾ ಬಂದು ಪಕ್ಕದಲ್ಲಿ ಕೂತು, ಕಪ್ಪಿನ ನಡೆಗಳನ್ನು ಗಟ್ಟಿಯಾಗಿ ಓದಿದಳು. ಒಂದು ಆಟ ಪೂರ್ತಿ.

ಕೆಲವು ತಿಂಗಳ ನಂತರ ನಾಡಕರ್ಣಿಯವರ ಫೋನು ಬಂತು. ಕ್ಲಬ್ಬಿನಲ್ಲಿ ಹೊಸಬರಿಗೆ ಪಾಠ ಶುರುಮಾಡಿದ್ದಾರಂತೆ, ನೋಟುಬುಕ್ಕುಗಳ ಝೆರಾಕ್ಸ್ ಬೇಕಂತೆ. ತಾಂಡೇಲರ ಆಟ ಉಳಿಯಿತಲ್ಲ ಎಂದು ಸಮಾಧಾನವಾಗಿ, ಅಂದೇ ಝೆರಾಕ್ಸ್ ಮಾಡಿಸಿ ಕಳಿಸಿದೆ. ಅದರ ಹಿಂದೆಯೇ, ಆ ಆಟಗಳಲ್ಲಿ ಅರ್ಧ ನನ್ನದೂ ಅಲ್ಲವೇ ಎಂಬ ಸಣ್ಣ ಹೆಮ್ಮೆಯೂ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾಠ ನೋಡಲು ಹೇಳದೆ ಕೇಳದೆ ಕಾರವಾರಕ್ಕೆ ಹೋದೆ.

ಕ್ಲಬ್ಬಿನ ಹಾಲ್ ಬಾಗಿಲಿಗೆ ಹೋಗುವಾಗಲೇ ನಾಡಕರ್ಣಿಯವರ ಧ್ವನಿ ಕೇಳಿಸಿತು. ಹತ್ತು ಹನ್ನೆರಡು ಜನ ಝೆರಾಕ್ಸ್ ಹಿಡಿದು ಕೂತಿದ್ದರು.

"ಕಪ್ಪಿನವರ ನಡೆ ಎಲ್ಲ ಕಲೀರಿ. ಬಿಳಿಯವರ ನಡೆನೂ ಸರಿಯಾಗಿ ನೋಡ್ಕಳಿ. ನೋಡ್ಕಂಡು, ಒಂದನ್ನೂ ಆಡಬೇಡಿ."

ಒಬ್ಬರು ಕೈಯೆತ್ತಿ, ಬಿಳಿಯವರು ಆಗಷ್ಟೇ ಆಟ ಕಲಿತವರೇ ಎಂದು ವಿನಯದಿಂದ ಕೇಳಿದರು. ನಾಡಕರ್ಣಿಯವರು ಉತ್ತರಿಸಲು ತಲೆ ಎತ್ತಿದಾಗ ಬಾಗಿಲಲ್ಲಿ ನಾನು ನಿಂತಿದ್ದೆ. ಅವರ ಮುಖ ಕೆಂಪಾಯಿತು. ನಾನು ಏಳಬೇಡಿ ಎಂದು ಕೈಸನ್ನೆ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದವರಿಂದ ಒಂದು ಪ್ರತಿ ತೆಗೆದುಕೊಂಡೆ. ಪಾಠ ಬಹಳ ಚೆನ್ನಾಗಿತ್ತು. ಕೇಳುತ್ತ ಕೇಳುತ್ತ, ಆ ಬಿಳಿ ಕಾಯಿಯವನ ಮೇಲೆ ನನಗೂ ಸಿಟ್ಟು ಬಂತು.